ಚಿಕ್ಕಜ್ಜಿಯ ಅರ್ಧ ಬೆಳ್ಳಿ

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಎಂ.ಫಿಲ್. ಇಲ್ಲದವರು ಬಡ್ತಿಯ ಆಸೆ ಬಿಟ್ಟುಬಿಡಿ ಎಂದು ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದ ಮೇಲೆ ನಾನೂ ಒಂದು ವಿಷಯ ಹುಡುಕಿಕೊಳ್ಳಬೇಕಾಯಿತು. ನಮ್ಮ ಜಿಲ್ಲೆಯಲ್ಲಿ ರಸಾಯನಶಾಸ್ತ್ರ ಓದಿದವರೆಲ್ಲ ಆಗಲೇ ಕಾಫಿಯ ಮೇಲೆ ಮುಗಿಬಿದ್ದಿದ್ದರು. ತೋಟದ ಮಣ್ಣು, ಎಲೆಯ ರೋಗ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಿಂದ ಹಳ್ಳಕ್ಕೆ ಬಿಡುವ ಕೊಳೆನೀರು, ಒಂದನ್ನೂ ಬಿಟ್ಟಿರಲಿಲ್ಲ. ಕಾಫಿಯವರ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಆ ಕೊಳೆನೀರಿನ ವಾಸನೆ ಸಾಕೋಸಾಕಾಗಿತ್ತು. ವಾಸನೆಯಿಲ್ಲದ ವಿಷಯ ಯಾವುದಾದರೂ ಇದೆಯೇ ಎಂದು ಯೋಚಿಸಿ ಹಳೆಯ ನಾಣ್ಯಗಳನ್ನು ಆರಿಸಿಕೊಂಡೆ. ಯಾವ ನಾಣ್ಯದಲ್ಲಿ ಯಾವ ಲೋಹ ಎಷ್ಟು ಪಾಲು ಸೇರಿದೆ ಎಂದು ಕಂಡುಹಿಡಿಯುವುದು ಕೆಲಸ. ನನ್ನ ಮಾರ್ಗದರ್ಶಕರು ತಕ್ಷಣ ಒಪ್ಪಿದರು. ಅವರಿಗೂ ಕಾಫಿ ಸಾಕಾಗಿತ್ತು ಅಂತ ಕಾಣುತ್ತದೆ.

ತಾಮ್ರದ ನಾಣ್ಯಗಳು ಸುಲಭವಾಗಿ ಸಿಕ್ಕಿದವು. ತೋಟದಲ್ಲಿ ಗಿಡದ ಗುಂಡಿ ತೆಗೆಯುವಾಗ ಕಂಡ ಆನೆ ಛಾಪಿನ ಕಾಸುಗಳನ್ನು ಜನ ಎಲೆ ಅಡಿಕೆ ಕೊಟ್ಟಷ್ಟು ಸಲೀಸಾಗಿ ಕೊಟ್ಟರು. ಬೆಳ್ಳಿಯದೇ ಕಷ್ಟವಾಯಿತು. ನಮ್ಮ ಕಡೆ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ನಾಲ್ಕಾರು ಬೆಳ್ಳಿ ರೂಪಾಯಿಗಳಿರುತ್ತವೆ. ಬ್ರಿಟಿಷರ ಕಾಲದವು, ಒಂದು ಮಗ್ಗುಲಲ್ಲಿ ರಾಣಿಯದೋ ರಾಜನದೋ ಮುಖ. ದೀಪಾವಳಿಯ ಲಕ್ಷ್ಮೀಪೂಜೆಗೆ ಅವನ್ನು ತೆಗೆದು, ತೊಳೆದು, ದೇವರ ಮುಂದೆ ಇಟ್ಟು ಮತ್ತೆ ಪೆಟ್ಟಿಗೆಗೆ ಸೇರಿಸುತ್ತಾರೆ. ನಾನು ಕೇಳಿದಾಗ ನೆಂಟರೆಲ್ಲ ಪ್ರೀತಿಯಿಂದಲೇ ತಂದು ತೋರಿಸುತ್ತಿದ್ದರು. ಒಂದು ಚೂರು ಕತ್ತರಿಸಿ ಆಸಿಡ್‌ನಲ್ಲಿ ಕರಗಿಸಬೇಕು ಎಂದ ಕೂಡಲೇ ಚಾಚಿದ ಕೈ ಮುಚ್ಚಿಕೊಳ್ಳುತ್ತಿತ್ತು. "ಲಕ್ಷ್ಮಿನ ಯಾರಾದ್ರೂ ಆಸಿಡ್‌ಗೆ ಹಾಕ್ತಾರಾ ಮಾರಾಯ್ತಿ?" ಎಂದು ಕಳಸದ ಕಡೆಯ ನಮ್ಮ ಸೋದರತ್ತೆ ನನ್ನ ತಾಯಿಗೆ ಫೋನು ಮಾಡಿ ವಿಚಾರಿಸಿಕೊಂಡರು. ಅವು ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷಗಳು. ಹೊಸ ಕಾರು ತೆಗೆದುಕೊಂಡಿದ್ದ ಇನ್ನೊಬ್ಬ ನೆಂಟರು, "ಬೇಕಾದ್ರೆ ಕಾರು ತಗೊಂಡು ಹೋಗಿ ಮೇಡಂ, ರಾಣಿ ರೂಪಾಯಿ ಮಾತ್ರ ಕೇಳ್ಬೇಡಿ" ಎಂದರು. ಕಾರು ಕೇಳಿದ್ದರೆ ಅದನ್ನೂ ಕೊಡುತ್ತಿರಲಿಲ್ಲ, ಆ ಮಾತು ಬೇರೆ.

ಮುಟ್ಟದೆ, ಕೆಡಿಸದೆ, ಬರೀ ಮೇಲ್ಮೈ ನೋಡಿ ಲೋಹ ಹೇಳುವ ಯಂತ್ರಗಳು ಆಗಲೂ ಇದ್ದವು, ದೊಡ್ಡ ಊರುಗಳ ದೊಡ್ಡ ಸಂಸ್ಥೆಗಳಲ್ಲಿ. ನಮ್ಮ ಕಾಲೇಜಿನಲ್ಲಿದ್ದದ್ದು ಗಾಜಿನ ಪೆಟ್ಟಿಗೆಯೊಳಗಿನ ಎರಡು ತಟ್ಟೆಯ ತಕ್ಕಡಿ, ಬೀಕರುಗಳು, ಬ್ಯುರೆಟ್ಟು, ಆಸಿಡ್. ಅಷ್ಟರಲ್ಲೇ ಎಲ್ಲವೂ ಆಗಬೇಕು. ಹೀಗಾಗಿ ಕತ್ತರಿಸಲು ಕೊಡುವವರನ್ನೇ ಹುಡುಕಬೇಕಿತ್ತು, ಕೊನೆಗೆ ಅಂಥವರು ನಮ್ಮ ಮನೆಯಲ್ಲೇ ಸಿಕ್ಕಿದರು.

ನಮ್ಮ ಮನೆ ಮೂಡಿಗೆರೆಯಿಂದ ಜೀಪಿನಲ್ಲಿ ಹೋಗಬೇಕಾದ ಒಂದು ಸಣ್ಣ ಎಸ್ಟೇಟಿನಲ್ಲಿತ್ತು. ದೊಡ್ಡಪ್ಪ ತೋಟ ನೋಡಿಕೊಳ್ಳುತ್ತಿದ್ದರು, ಆದರೆ ಮನೆಯ ಯಜಮಾನಿಕೆ ನನ್ನ ಅಜ್ಜಿಯದು. ಅಜ್ಜನ ತಮ್ಮನ ಹೆಂಡತಿಯೂ ಅದೇ ಮನೆಯಲ್ಲಿದ್ದರು. ಅವರನ್ನು ನಾವು ಮಕ್ಕಳೆಲ್ಲ ಚಿಕ್ಕಜ್ಜಿ ಎನ್ನುತ್ತಿದ್ದೆವು. ಇಬ್ಬರಿಗೂ ಗಂಡಂದಿರು ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬರು ಹೇಳುವವರು, ಇನ್ನೊಬ್ಬರು ಕೇಳುವವರು ಎಂದು ಆ ಇಬ್ಬರು ವಾರಗಿತ್ತಿಯರ ನಡುವೆ ಯಾವತ್ತೋ ತೀರ್ಮಾನವಾಗಿಹೋಗಿತ್ತು. ಅಜ್ಜಿ ಪಟೇಲರ ಮನೆಯ ಮಗಳು. ಚಿಕ್ಕಜ್ಜಿಯ ಅಪ್ಪ ಕೊಟ್ಟಿಗೆಹಾರದ ಹತ್ತಿರ ಇದ್ದವರು, ಎತ್ತಿನ ಗಾಡಿಯಲ್ಲಿ ನಮ್ಮ ಕಡೆಯ ಕಾಫಿಯನ್ನು ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಮುಟ್ಟಿಸುತ್ತಿದ್ದರು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ಪೆಟ್ರೋಲು ಸಿಗದೆ ಲಾರಿಗಳು ನಿಂತು, ಗಾಡಿಯವರಿಗೆ ಕೈತುಂಬ ಕೆಲಸ ಬಂತಂತೆ. ಆ ದಿನಗಳಲ್ಲೇ ಅವರು ಮಗಳನ್ನು ನಮ್ಮ ಮನೆಗೆ ಕೊಟ್ಟದ್ದು. ಗಾಡಿ ಹೊಡೆಯುವವರ ಮನೆಯಿಂದ ಹೆಣ್ಣು ತಂದದ್ದು ಹೇಗೆ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ಹುಡುಗಿ ಚೆನ್ನಾಗಿದ್ದಳು ಎನ್ನುತ್ತಿದ್ದರು, ಅಷ್ಟೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಸೊಸೆಯಾಗಿ ಬಂದವಳು ತವರಿನಿಂದ ಬೆಳ್ಳಿ ರೂಪಾಯಿ ತರಬೇಕು. ಲಕ್ಷ್ಮೀಪೂಜೆಯ ದಿನ ಅವನ್ನು ಅವಳೇ ತೊಳೆದು, ತನ್ನದೇ ತಟ್ಟೆಯಲ್ಲಿ ಹರಡಿ, ದೇವರಕೋಣೆಯಲ್ಲಿ ಇಡಬೇಕು. ಒಬ್ಬರ ರೂಪಾಯಿಯನ್ನು ಇನ್ನೊಬ್ಬರು ತೊಳೆಯುವ ಹಾಗಿಲ್ಲ. ಅಜ್ಜಿಯ ತಟ್ಟೆಯಲ್ಲಿ ಇದ್ದವು ರಾಣಿಯ ಮುಖದವು, ಚಿಕ್ಕಜ್ಜಿಯ ತಟ್ಟೆಯಲ್ಲಿ ರಾಜನ ಮುಖದವು. ಅಜ್ಜಿ ವರ್ಷಕ್ಕೊಮ್ಮೆ ಅಂಟುವಾಳದ ನೀರಿನಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ ಮುಗಿಸುತ್ತಿದ್ದರು. ಚಿಕ್ಕಜ್ಜಿ ಹಾಗಲ್ಲ. ಅವರು ಆ ಮನೆಗೆ ತಂದದ್ದು ಅಂತ ಇದ್ದದ್ದು ಆ ತಟ್ಟೆಯೊಂದೇ. ಮದುವೆಯಾಗಿ ಬಂದಂದಿನಿಂದ ಶುಕ್ರವಾರ ಶುಕ್ರವಾರ ಅವನ್ನು ತೆಗೆದು, ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ಹಾಕಿ ಉಜ್ಜಿ ಫಳಫಳ ಮಾಡಿ ಇಡುತ್ತಿದ್ದರಂತೆ.

ಹಾಗೆ ಹತ್ತು ಹನ್ನೆರಡು ವರ್ಷ ಉಜ್ಜುವಷ್ಟರಲ್ಲಿ ರೂಪಾಯಿಗಳು ಬಿಳಿ ಬಣ್ಣ ಬಿಟ್ಟು ಹಳದಿಗೆ ತಿರುಗಿದವು. ಎಷ್ಟು ಉಜ್ಜಿದರೂ ಬಿಳಿ ವಾಪಸ್ಸು ಬರಲಿಲ್ಲ. ಪಕ್ಕದ ತಟ್ಟೆಯಲ್ಲಿ ಅಜ್ಜಿಯವು ಹಾಲಿನ ಹಾಗೆ ಬೆಳ್ಳಗೇ ಇದ್ದವು. ಆಗಷ್ಟೇ ಅವರಿಬ್ಬರ ಅತ್ತೆ ತೀರಿಕೊಂಡು ಯಜಮಾನಿಕೆ ಅಜ್ಜಿಯ ಕೈಗೆ ಬಂದಿತ್ತು. ಒಡವೆ ಮಾಡಲು ಮನೆಗೆ ಬಂದಿದ್ದ ಅಕ್ಕಸಾಲಿಗನ ಕೈಗೆ ಅಜ್ಜಿ ಚಿಕ್ಕಜ್ಜಿಯ ರೂಪಾಯಿಯೊಂದನ್ನು ಕೊಟ್ಟು, ಇದು ಬೆಳ್ಳಿಯೇ ನೋಡು ಎಂದರು. ಅವನು ಒರೆಗಲ್ಲಿಗೆ ಉಜ್ಜಿ ನೋಡಿ, "ಅರ್ಧಕ್ಕರ್ಧ ಬೆಳ್ಳಿ ಇರ್ಬಹುದು ಅಮ್ಮಾ. ಇಲ್ಲದಿದ್ರೆ ಮೇಲೆ ಬೆಳ್ಳಿ ಕಲಾಯಿ ಹಾಕಿದ್ದು" ಎಂದನಂತೆ. ಹಿತ್ತಾಳೆ ಪಾತ್ರೆಗೆ ಹಾಕಿದ ಕಲಾಯಿ ಉಜ್ಜಿ ಉಜ್ಜಿ ಹೋಗುವುದು ಎಲ್ಲ ಹೆಂಗಸರಿಗೂ ಗೊತ್ತಿದ್ದ ಸಂಗತಿ. ಆದ್ದರಿಂದ ಆ ಎರಡನೆಯ ಮಾತೇ ಮನೆಯಲ್ಲಿ ನಿಂತಿತು. ಗಾಡಿಯವನು ಮಗಳ ಜೊತೆ ಖೋಟಾ ರೂಪಾಯಿ ಕಳಿಸಿ ಮೋಸ ಮಾಡಿದ್ದಾನೆ ಎಂದಾಯಿತು. ಖೋಟಾ ನಾಣ್ಯ ಲಕ್ಷ್ಮಿಯ ಮುಂದೆ ಇಡಬಾರದು ಎಂದು ಅಜ್ಜಿ ಅಪ್ಪಣೆ ಮಾಡಿದರು.

ಅಂದಿನಿಂದ ದೀಪಾವಳಿಗೆ ಚಿಕ್ಕಜ್ಜಿಯ ತಟ್ಟೆ ದೇವರಕೋಣೆಯ ಹೊಸ್ತಿಲು ದಾಟಲಿಲ್ಲ. ಅವರು ತಟ್ಟೆಯನ್ನು ಅಡಿಗೆಮನೆಯಲ್ಲಿ, ಒಲೆಯ ಕಟ್ಟೆಯ ಮೇಲೆ ಇಟ್ಟು, ಒಂದು ಹೂವು ಹಾಕಿ ಕೈಮುಗಿಯುತ್ತಿದ್ದರು. ನಾನು ಕಂಡಂತೆ ಪ್ರತಿ ವರ್ಷವೂ ಅಷ್ಟೆ. ಶುಕ್ರವಾರದ ಉಜ್ಜುವಿಕೆ ಮಾತ್ರ ನಿಲ್ಲಲಿಲ್ಲ, ಇನ್ನೂ ಜೋರಾಯಿತು. ನಾನು ಬುದ್ಧಿ ಬಂದು ನೋಡುವ ಹೊತ್ತಿಗೆ ರಾಜನ ಮೂಗು ಮಟ್ಟವಾಗಿತ್ತು, ಹಿಂದಿನ ಅಕ್ಷರ, ಇಸವಿ ಒಂದೂ ಕಾಣುತ್ತಿರಲಿಲ್ಲ. ಅವರ ಮಗಳ ಮದುವೆಯಲ್ಲಿ ಒಂದೆರಡು ರೂಪಾಯಿಯನ್ನು ಆಕೆಯ ಪೆಟ್ಟಿಗೆಗೆ ಹಾಕಲು ಹೋದರೆ ಮಗಳೇ ಬೇಡ ಎಂದಳಂತೆ. ಚಿಕ್ಕಜ್ಜಿ ಅವನ್ನು ಮತ್ತೆ ತಟ್ಟೆಗೇ ಸೇರಿಸಿದರಂತೆ. ಅಪ್ಪ ಮೋಸಗಾರ ಎಂದು ಯಾರಾದರೂ ಅಂದಾಗ ವಾದ ಮಾಡಿದ್ದನ್ನು, ಅತ್ತದ್ದನ್ನು ನಾನು ನೋಡಲಿಲ್ಲ. ಅಪ್ಪನ ಮೇಲೆ ಅವರಿಗೆ ಅಷ್ಟು ಗಟ್ಟಿಯಾದ ನಂಬಿಕೆ, ಅದಕ್ಕೇ ಯಾರ ಮಾತಿಗೂ ಬೆಲೆ ಕೊಡುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಆ ವಿಷಯದಲ್ಲಿ ಅವರನ್ನು ಮೆಚ್ಚಿಕೊಂಡಿದ್ದೆ ಕೂಡ.

ನಾಣ್ಯ ಸಿಗದೆ ನಾನು ಗೊಣಗುತ್ತ ಜಗಲಿಯಲ್ಲಿ ಕೂತಿದ್ದ ಒಂದು ಭಾನುವಾರ ಚಿಕ್ಕಜ್ಜಿ ಬಂದು ನನ್ನ ಎದುರು ನಿಂತರು.

"ಕರಗಿಸಿದ್ರೆ ಗೊತ್ತಾಗ್ತದಾ ಅದು ಎಂತದು ಅಂತ?"

"ಗೊತ್ತಾಗ್ತದೆ. ಯಾವ ಲೋಹ, ಎಷ್ಟು ಪಾಲು, ಎಲ್ಲ."

ಅವರು ಸೆರಗಿನ ತುದಿ ಬಿಚ್ಚಿ ಒಂದು ರೂಪಾಯಿ ತೆಗೆದು ಕೊಟ್ಟರು. ಮೊದಲೇ ಕಟ್ಟಿಕೊಂಡೇ ಬಂದಿದ್ದರು. "ತಗೊ. ಖೋಟಾ ಅಂದ್ಮೇಲೆ ಕರಗಿಸ್ಲಿಕ್ಕೆ ಎಂತ ಹೆದ್ರಿಕೆ? ಆದ್ರೆ ಇದ್ದದ್ದು ಇದ್ದ ಹಾಗೆ ಹೇಳ್ಬೇಕು ನೀನು. ನಂಗೆ ಬೇಜಾರಾಗ್ತದೆ ಅಂತ ತಿದ್ದಿ ಹೇಳೋದು ಬೇಡ."

ಒಳಗಿನಿಂದ ಇದನ್ನೆಲ್ಲ ಕೇಳುತ್ತಿದ್ದ ಅಜ್ಜಿಗೆ ಸುಮ್ಮನಿರಲಾಗಲಿಲ್ಲ. ಎದ್ದು ಹೋಗಿ ತಮ್ಮ ಪೆಟ್ಟಿಗೆಯಿಂದ ಒಂದು ರಾಣಿ ರೂಪಾಯಿ ತಂದು ನನ್ನ ಮಡಿಲಿಗೆ ಹಾಕಿದರು. "ಇದನ್ನೂ ಕರಗ್ಸು. ಯಾವ್ದು ಸಾಚಾ, ಯಾವ್ದು ಖೋಟಾ ಅಂತ ಊರಿಗೇ ಗೊತ್ತಾಗ್ಲಿ." ಊರಿಗೆಲ್ಲ ಮೊದಲೇ ಗೊತ್ತಿತ್ತು, ಅಜ್ಜಿಯೇ ಹೇಳಿದ್ದರು. ನನಗಂತೂ ಬಹಳ ಸಂತೋಷವಾಯಿತು. ಎಂ.ಫಿಲ್. ಉಳಿಯಿತು ಎಂಬುದಷ್ಟೇ ಆಗ ತಲೆಯಲ್ಲಿದ್ದದ್ದು. ಇಬ್ಬರು ಮುದುಕಿಯರ ಜಗಳದಿಂದ ವಿಜ್ಞಾನಕ್ಕೆ ಲಾಭವಾಗುವುದಾದರೆ ಆಗಲಿ ಎಂದುಕೊಂಡು ಎರಡನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ ಚಿಕ್ಕಮಗಳೂರಿನ ಬಸ್ಸು ಹತ್ತಿದೆ.

ಮೊದಲು ಎರಡನ್ನೂ ಕತ್ತರಿಸಿದೆ. ಅಜ್ಜಿಯದು ಒಳಗೂ ಹೊರಗೂ ಒಂದೇ ಬಿಳಿ. ಚಿಕ್ಕಜ್ಜಿಯದರ ಒಳಗೆ ಕೆಂಪು ತಾಮ್ರ ಕಾಣುತ್ತದೆ ಎಂದು ಕಾದಿದ್ದೆ, ಕಲಾಯಿ ಹಾಕಿದ್ದಾದರೆ ಹಾಗೇ ಕಾಣಬೇಕು. ಕಾಣಲಿಲ್ಲ. ಅಂಚಿನಿಂದ ಅಂಚಿಗೆ ಒಂದೇ ತೆರನಾದ ಮಾಸಲು ಹಳದಿ. ರಾಜನ ಕಿವಿಯ ಹತ್ತಿರದ ಸಂದಿಯಲ್ಲಿ, ನಾರು ಬೂದಿ ಮುಟ್ಟದ ಕಡೆ, ಕೂದಲೆಳೆಯಷ್ಟು ಬಿಳಿ ಪದರ ಉಳಿದಿತ್ತು. ಆ ಬಿಳಿ ಏನೆಂದು ಆಗ ತಿಳಿಯಲಿಲ್ಲ, ಒಳಗೆ ಬರೀ ತಾಮ್ರ ಇಲ್ಲದ ಮೇಲೆ ಕಲಾಯಿಯ ಮಾತಂತೂ ಅಲ್ಲಿಗೆ ಬಿದ್ದುಹೋಯಿತು. ಅಷ್ಟಕ್ಕೇ ಖೋಟಾ ಅಲ್ಲ ಎನ್ನುವಂತಿರಲಿಲ್ಲ. ಖೋಟಾ ಮಾಡುವವನೂ ಬೆಳ್ಳಿಗೆ ತಾಮ್ರ ಬೆರೆಸಿಯೇ ಹೊಯ್ಯುತ್ತಾನೆ.

ಮುಂದಿನದು ಪಾಠದ ಪುಸ್ತಕದಲ್ಲಿದ್ದಂತೆಯೇ. ಚೂರನ್ನು ತೂಗಿ ನೈಟ್ರಿಕ್ ಆಸಿಡ್‌ಗೆ ಹಾಕಿದರೆ ಕಂದು ಹೊಗೆ ಎದ್ದು ಲೋಹ ಕರಗಿ ನೀರಾಗುತ್ತದೆ. ಆ ನೀರಿಗೆ ಉಪ್ಪಿನ ದ್ರಾವಣ ಸುರಿದರೆ ಬೆಳ್ಳಿಯೆಲ್ಲ ಒಡೆದ ಮೊಸರಿನ ಹಾಗೆ ಬೆಳ್ಳಗೆ ತಳಕ್ಕೆ ಇಳಿಯುತ್ತದೆ. ಅದನ್ನು ಸೋಸಿ, ಒಣಗಿಸಿ, ಮತ್ತೆ ತೂಗಿದರೆ ಬೆಳ್ಳಿಯ ಲೆಕ್ಕ ಸಿಕ್ಕಿತು. ಅಜ್ಜಿಯ ರೂಪಾಯಿಯಲ್ಲಿ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಚಿಕ್ಕಜ್ಜಿಯದರಲ್ಲಿ ಅರ್ಧ. ನಂಬಿಕೆಯಾಗದೆ ಇನ್ನೊಂದು ಚೂರು ಕರಗಿಸಿದೆ. ಮತ್ತೆ ಅರ್ಧವೇ ಬಂತು. ಅಕ್ಕಸಾಲಿಗ ಮೊದಲು ಆಡಿದ ಮಾತು ಸರಿಯಾಗಿಯೇ ಇತ್ತು. ನನಗೆ ಬೇಸರವಾಯಿತು. ಇದ್ದದ್ದು ಇದ್ದ ಹಾಗೆ ಹೇಳು ಎಂದು ಮುಖ ನೋಡಿ ಕೇಳಿದವರಿಗೆ ಇದನ್ನು ಹೇಳುವುದು ಹೇಗೆ ಎಂದು ತೋಚದೆ, ಆ ತಿಂಗಳು ಊರಿಗೇ ಹೋಗಲಿಲ್ಲ.

ಆದರೆ ಪ್ರಬಂಧಕ್ಕೆ ಉಳಿದ ಅರ್ಧ ಏನು ಎಂದೂ ಬರೆಯಬೇಕಿತ್ತು. ತಾಮ್ರವನ್ನು ಬೇರ್ಪಡಿಸಲು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಬಿಡಬೇಕು. ಅದಕ್ಕೆ ಕೊಳೆತ ಮೊಟ್ಟೆಯ ವಾಸನೆ. ಕಾರಿಡಾರಿನ ಆ ತುದಿಯಲ್ಲಿ ಪಾಠ ಮಾಡುತ್ತಿದ್ದ ಕನ್ನಡ ಮೇಷ್ಟ್ರು ಮೂಗು ಹಿಡಿದುಕೊಂಡು ಬಂದು ನನ್ನನ್ನು ಬೈದು ಹೋದರು. ವಾಸನೆಯಿಲ್ಲದ ವಿಷಯ ಆರಿಸಿಕೊಂಡ ನನ್ನ ಜಾಣತನ ಹೀಗೆ ಮುಗಿಯಿತು. ತಾಮ್ರ ತೆಗೆದ ಮೇಲೂ ದ್ರಾವಣದಲ್ಲಿ ತಿಳಿಹಸಿರು ಛಾಯೆ ಉಳಿದಿತ್ತು. ಯಾಕಿರಬಹುದೆಂದು ನಿಕ್ಕಲ್ ಪರೀಕ್ಷೆ ಮಾಡಿದೆ. ಅದಕ್ಕೊಂದು ರಾಸಾಯನಿಕವಿದೆ, ನಿಕ್ಕಲ್ ಇದ್ದರೆ ಕೆಂಪಾಗುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ಹನಿ ಬಿಟ್ಟದ್ದೇ ತಡ, ಇಡೀ ನಳಿಗೆ ದಾಸವಾಳದ ಕೆಂಪಾಗಿಬಿಟ್ಟಿತು. ಇಪ್ಪತ್ತು ಸಲ ವಿದ್ಯಾರ್ಥಿಗಳಿಗೆ ಮಾಡಿ ತೋರಿಸಿದ ಪರೀಕ್ಷೆ ಅದು, ಯಾವತ್ತೂ ಮೈ ಜುಮ್ಮೆಂದಿರಲಿಲ್ಲ.

ತಾಮ್ರ ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ, ತವರ, ಸೀಸ ಸಂತೆಯಲ್ಲಿ ಸಿಗುತ್ತವೆ. ಘಟ್ಟದ ಮೇಲೆ ಕಳ್ಳತನದಲ್ಲಿ ನಾಣ್ಯ ಹೊಯ್ಯುವವನು ಆ ಕಾಲದಲ್ಲಿ ನಿಕ್ಕಲ್ ಎಲ್ಲಿಂದ ತರುತ್ತಾನೆ? ಜೊತೆಗೆ ಸತುವೂ ಸ್ವಲ್ಪ ಸಿಕ್ಕಿತು, ಹೆಚ್ಚುಕಡಿಮೆ ನಿಕ್ಕಲ್ಲಿನಷ್ಟೇ. ಹೀಗೆ ಅಳೆದು ಬೆರೆಸುವುದು ಒಲೆಯ ಮುಂದೆ ಕೂತವನ ಕೆಲಸವಲ್ಲ. ಕತ್ತರಿಸಿ ಉಳಿದಿದ್ದ ಚಿಕ್ಕಜ್ಜಿಯ ರೂಪಾಯಿಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಪೇಟೆಯ ಹಳೆಯ ಬೆಳ್ಳಿ ಅಂಗಡಿಗೆ ಹೋದೆ. ಕನ್ನಡಕದ ಮೇಲಿನಿಂದ ನೋಡಿದ ಸಾಹುಕಾರರು, "ಯುದ್ಧದ ರೂಪಾಯಿ ಅಲ್ವಾ ಮೇಡಂ ಇದು? ಬೆಳ್ಳಿ ಸಾಲದೆ ಸರ್ಕಾರದವ್ರೇ ಅರ್ಧಕ್ಕೆ ಇಳ್ಸಿದ್ರು" ಎಂದು ಹೇಳಿ, ಮುಂದಿನ ಗಿರಾಕಿಯ ಕಡೆ ತಿರುಗಿದರು. ನಾನು ಒಂದು ತಿಂಗಳು ಕೊಳೆತ ಮೊಟ್ಟೆಯ ವಾಸನೆ ಕುಡಿದು ಕಂಡುಹಿಡಿದದ್ದು ಅವರಿಗೆ ಉಪೋದ್ಘಾತವೂ ಅಲ್ಲ.

ಅವರ ಅಂಗಡಿಯಲ್ಲೇ ಯುದ್ಧಕಾಲದ ಇಸವಿ ಚೆನ್ನಾಗಿ ಕಾಣುವ ಒಂದು ರೂಪಾಯಿ ಕೊಂಡು ತಂದು ಅದನ್ನೂ ಕರಗಿಸಿದೆ. ಚಿಕ್ಕಜ್ಜಿಯದರಲ್ಲಿ ಏನೇನು ಎಷ್ಟೆಷ್ಟು ಸಿಕ್ಕಿತ್ತೋ ಇದರಲ್ಲೂ ಅಷ್ಟೇ ಸಿಕ್ಕಿತು. ಆಮೇಲೆ ಪುಸ್ತಕಗಳನ್ನು ತಿರುವಿದಾಗ ಉಳಿದದ್ದೂ ತಿಳಿಯಿತು. ಅರ್ಧ ಬೆಳ್ಳಿಯ ಬಿಲ್ಲೆ ನೋಡಲು ಹಳದಿಯಾಗಿರುತ್ತದೆ ಎಂದು ಟಂಕಸಾಲೆಯವರು ಅದನ್ನು ಮೊದಲು ಆಸಿಡ್‌ನಲ್ಲಿ ಅದ್ದುತ್ತಿದ್ದರು. ಮೇಲ್ಮೈಯ ತಾಮ್ರ ಕರಗಿ ಹೋಗಿ ಬೆಳ್ಳಿ ಮಾತ್ರ ಉಳಿದು, ನಾಣ್ಯ ಬೆಳ್ಳಗೆ ಕಾಣುತ್ತಿತ್ತು. ಆ ತೆಳ್ಳನೆಯ ಬಿಳಿ ಪದರವನ್ನೇ ಚಿಕ್ಕಜ್ಜಿ ಬೂದಿ ಹಾಕಿ ಉಜ್ಜಿ ತೆಗೆದದ್ದು. ಅದರ ಜೊತೆಗೆ ಇಸವಿಯನ್ನೂ ಉಜ್ಜಿಬಿಟ್ಟಿದ್ದರು, ಅದೊಂದು ಉಳಿದಿದ್ದರೆ ಇಂಗ್ಲಿಷ್ ಅಂಕಿ ಬಲ್ಲ ಯಾರಾದರೂ ನಿಜ ಹೇಳಬಹುದಿತ್ತು. ಪೆಟ್ಟಿಗೆಯಲ್ಲಿಟ್ಟು ಮರೆತಿದ್ದರೆ ಅವರ ರೂಪಾಯಿಗಳು ಅಜ್ಜಿಯವುಗಳ ಪಕ್ಕದಲ್ಲಿ ಇವತ್ತಿಗೂ ಬೆಳ್ಳಗೆ ಇರುತ್ತಿದ್ದವು. ಇದೆಲ್ಲ ಹೊಳೆದ ದಿನ ನನಗೆ ಪಾಪ ಅನ್ನಿಸಿದ್ದಕ್ಕಿಂತ ಸಿಟ್ಟು ಬಂದದ್ದೇ ಹೆಚ್ಚು. ಅಕ್ಕಸಾಲಿಗನನ್ನು "ಇದು ಬೆಳ್ಳಿಯೇ?" ಎಂದು ಕೇಳುವ ಬದಲು "ಇದು ಯಾವ ಕಾಲದ ರೂಪಾಯಿ?" ಎಂದು ಕೇಳಿದ್ದರೆ ಸಾಕಿತ್ತು. ಕೇಳುವ ಮನಸ್ಸು ಯಾರಿಗೂ ಇರಲಿಲ್ಲ.

ಲಕ್ಷ್ಮೀಪೂಜೆಯ ದಿನ ಬೆಳಿಗ್ಗೆಯೇ ಊರಿಗೆ ಹೋದೆ. ಮೂಡಿಗೆರೆಯಿಂದ ಬಂದ ಜೀಪು ಇಳಿದು ನಡೆದು ಬರುವಾಗ ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಚಿಕ್ಕಜ್ಜಿ ಕುಕ್ಕುರುಗಾಲಲ್ಲಿ ಕೂತು ರೂಪಾಯಿ ಉಜ್ಜುತ್ತಿದ್ದದ್ದು ಕಂಡಿತು. ನಾನು ನೇರ ಜಗಲಿಗೆ ಹೋದೆ. ಅಜ್ಜಿ ಹೂವು ಕಟ್ಟುತ್ತಿದ್ದರು, ದೊಡ್ಡಪ್ಪ ಪೇಪರು ಓದುತ್ತಿದ್ದರು. ಬರುವ ದಾರಿಯುದ್ದಕ್ಕೂ ವಕೀಲರ ಹಾಗೆ ಮಾತು ಜೋಡಿಸಿಕೊಂಡೇ ಬಂದಿದ್ದೆ.

"ಅಜ್ಜಿ, ನಿಮ್ಮ ರಾಣಿ ರೂಪಾಯಿ ನಿಮ್ಮಪ್ಪ ಸಂಪಾದನೆ ಮಾಡಿದ್ದಾ?"

"ನಮ್ಮಪ್ಪ ಎಂತಕ್ಕೆ ಸಂಪಾದ್ನೆ ಮಾಡ್ಬೇಕು? ಅವ್ರ ಅಜ್ಜನ ಕಾಲದ್ದು. ಗಡಿಗೇಲಿ ಹಾಕಿ ಹೂತಿಟ್ಟಿದ್ದು."

"ಯುದ್ಧದ ಕಾಲದಲ್ಲಿ ನಮ್ಮ ಮನೆ ಕಾಫಿನೂ ಚಿಕ್ಕಜ್ಜಿ ಅಪ್ಪನೇ ಅಲ್ವಾ ಘಟ್ಟ ಇಳಿಸ್ತಿದ್ದದ್ದು?"

"ಹೌದು, ಮತ್ತೆ ಯಾರು?"

"ಅವ್ರಿಗೆ ಬಾಡಿಗೆ ಯಾವ ರೂಪಾಯೀಲಿ ಕೊಡ್ತಿದ್ರು? ಹಳೇದ್ರಲ್ಲಾ, ಹೊಸದ್ರಲ್ಲಾ?"

"ಒಳ್ಳೇ ಪ್ರಶ್ನೆ! ಹೊಸದ್ರಲ್ಲಿ. ಹೊಸ ರೂಪಾಯೀಲಿ ಸತ್ವ ಇಲ್ಲ ಅಂತ ಮಾವನೇ ಹೇಳ್ತಿದ್ರಲ್ಲ. ಹಳೇದನ್ನ ಯಾರಾದ್ರೂ ಗಾಡಿಯವ್ರಿಗೆ..."

ಅಜ್ಜಿಯ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. ಬೇರೆ ಯಾರಿಗೂ ಇಷ್ಟು ಬೇಗ ಅರ್ಥವಾಗುತ್ತಿರಲಿಲ್ಲ, ಅಜ್ಜಿ ಬುದ್ಧಿವಂತೆ. ದೊಡ್ಡಪ್ಪನಿಗೆ ಆಗಲಿಲ್ಲ, ಅವರಿಗಾಗಿ ನಾನು ಬೆಳ್ಳಿ, ತಾಮ್ರ, ನಿಕ್ಕಲ್, ಆ ಕೆಂಪು ಬಣ್ಣ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಯುದ್ಧ ಆ ಗಾಡಿಯವರಿಗೆ ಕೆಲಸ ಕೊಟ್ಟಿತು, ಅದೇ ಯುದ್ಧ ಅವರಿಗೆ ಸಿಕ್ಕಿದ ರೂಪಾಯಿಯ ಅರ್ಧ ಬೆಳ್ಳಿ ತಿಂದಿತು. ಹೂತಿಟ್ಟ ಗಡಿಗೆಯಿದ್ದವರು ಹಳೆಯದನ್ನು ಉಳಿಸಿಕೊಂಡರು, ದುಡಿದವರ ಕೈಗೆ ಹೊಸದು ಬಂತು. ಚಿಕ್ಕಜ್ಜಿಯ ತಟ್ಟೆಯಲ್ಲಿರುವ ರೂಪಾಯಿಗಳು ಒಂದು ಕಾಲಕ್ಕೆ ಇದೇ ಮನೆಯಿಂದ ಹೊರಗೆ ಹೋದವೇ ಇರಬಹುದು ಎಂದೂ ಹೇಳಿದೆ. ಅದನ್ನು ಹೇಳುವಾಗ ನನಗೆ ಖುಷಿಯಾಯಿತು, ಮುಚ್ಚಿಡುವುದೇನು.

ಅಜ್ಜಿ ದಾರಕ್ಕೆ ಗಂಟು ಹಾಕಿ ಕಟ್ಟಿದ ಹೂವನ್ನು ಬುಟ್ಟಿಗೆ ಹಾಕಿದರು. ತಪ್ಪಾಯಿತು ಎಂಬ ಮಾತನ್ನು ಅವರ ಬಾಯಿಂದ ನಾನು ಯಾವತ್ತೂ ಕೇಳಿಲ್ಲ, ಅವತ್ತೂ ಕೇಳಲಿಲ್ಲ. "ಅವ್ಳಿಗೆ ಹೇಳು, ತಟ್ಟೆ ಒಳಗೆ ತಂದಿಡ್ಲಿ. ನನ್ನ ತಟ್ಟೆ ಬಲಗಡೆ ಜಾಗ ಮಾಡ್ತೇನೆ" ಎಂದು ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಅವರ ಮಟ್ಟಿಗೆ ಅದು ಸಣ್ಣ ಮಾತಲ್ಲ.

ನಾನು ಓಡಿಕೊಂಡೇ ಹಿಂದಕ್ಕೆ ಹೋದೆ. ಚಿಕ್ಕಜ್ಜಿಯ ಪಕ್ಕ ಕೂತು ಎಲ್ಲವನ್ನೂ ಇನ್ನೊಮ್ಮೆ, ನಿಧಾನವಾಗಿ, ಅವರಿಗೆ ತಿಳಿಯುವ ಹಾಗೆ ಹೇಳಿದೆ. ಖೋಟಾ ಅಲ್ಲ, ಕಲಾಯಿಯೂ ಅಲ್ಲ. ಸರ್ಕಾರದ್ದೇ ರೂಪಾಯಿ, ನಿಮ್ಮಪ್ಪ ದುಡಿದು ಕೂಡಿಟ್ಟದ್ದು. ಅಜ್ಜಿ ತಟ್ಟೆ ಒಳಗೆ ತರಲು ಹೇಳಿದ್ದಾರೆ. ಅವರು ಅಳಬಹುದು, ಇಲ್ಲವೇ ನಗಬಹುದು ಎಂದು ಮುಖವನ್ನೇ ನೋಡುತ್ತಿದ್ದೆ. ಎರಡೂ ಆಗಲಿಲ್ಲ. ಕೈಯ ಬೂದಿಯನ್ನು ತೊಳೆದುಕೊಳ್ಳದೆ ಹಾಗೇ ಕೂತಿದ್ದರು.

"ಆ ಕೆಂಪು ಬಣ್ಣ ಬಂತು ಅಂದಿಯಲ್ಲ. ಅದು ತಪ್ಪಾಗ್ಲಿಕ್ಕಿಲ್ವಾ?"

"ಇಲ್ಲ ಚಿಕ್ಕಜ್ಜಿ. ಅದು ತಪ್ಪೋದೇ ಇಲ್ಲ."

"ಬೇರೆ ಎಂತದಾದ್ರೂ ಸೇರಿದ್ರೂ ಕೆಂಪಾಗ್ಬಹುದಲ್ಲ?"

"ಇಲ್ಲ. ಇನ್ನೊಂದು ರೂಪಾಯಿ ತಂದು ಅದನ್ನೂ ನೋಡಿದ್ದೇನೆ. ಎರಡೂ ಒಂದೇ."

"ಎಲ್ಲಾದ್ರೂ ಒಂಚೂರು?"

ಆಗ ನನಗೆ ದಿಗಿಲಾಯಿತು. ಅವರು ಅನುಮಾನದಿಂದ ಕೇಳುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ತಪ್ಪು ಇರಲಿ ಎಂದು ಆಸೆಯಿಂದ ಕೇಳುತ್ತಿದ್ದರು.

"ಯಾಕೆ ಹಾಗೆ ಕೇಳ್ತೀರಿ? ಅಪ್ಪ ಮೋಸ ಮಾಡ್ಲಿಲ್ಲ ಅಂತ ನಿಮಗೆ ಗೊತ್ತೇ ಇತ್ತಲ್ಲ?"

"ನಂಗೆಲ್ಲಿ ಗೊತ್ತಿತ್ತು?" ಎಂದರು. ಒದ್ದೆ ರೂಪಾಯಿಗಳನ್ನು ನೋಡುತ್ತಲೇ ಹೇಳಿದರು. "ಆ ಅಕ್ಕಸಾಲಿಗ ಬಂದು ಹೋದ ವರ್ಷ ಅಪ್ಪ ನನ್ನ ನೋಡ್ಲಿಕ್ಕೆ ಬಂದಿದ್ರು. ಗಾಡಿ ಮಾರಿ ಆಗಿತ್ತು, ಕೊಟ್ಟಿಗೆಹಾರದಿಂದ ನಡ್ಕೊಂಡೇ ಬಂದಿದ್ರು. ನಾನು ಎಲೆ ಹಾಕಿ ಅನ್ನ ಬಡಿಸ್ದೆ. ಬಡಿಸ್ತಾ ಬಡಿಸ್ತಾ ಕೇಳಿಬಿಟ್ಟೆ, ಖೋಟಾ ರೂಪಾಯಿ ಕಟ್ಟಿ ಕಳಿಸಿದ್ರಾ ಅಪ್ಪಾ ಅಂತ. ಅವ್ರು ಹೌದು ಅನ್ಲಿಲ್ಲ, ಇಲ್ಲ ಅನ್ಲಿಲ್ಲ. ಕಲಸಿದ ಅನ್ನ ಬಿಟ್ಟು ಕೈ ತೊಳ್ಕೊಂಡು ಎದ್ದು ಹೋದ್ರು. ಮತ್ತೆ ಬರ್ಲಿಲ್ಲ. ಮಾತಾಡದೆ ಎದ್ದು ಹೋದ್ರಲ್ಲ, ಮಾಡಿದ್ದಕ್ಕೇ ನಾಚಿಕೆ ಆಗಿರ್ಬೇಕು ಅಂದ್ಕೊಂಡೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ."

ಒಳಗಿನಿಂದ ಅಜ್ಜಿ ಇನ್ನೂ ಬರಲಿಲ್ಲವೇ ಎಂದು ಕೂಗಿದರು. ಚಿಕ್ಕಜ್ಜಿ ನನ್ನ ಕಡೆ ತಿರುಗಿ ಕೊನೆಯ ಬಾರಿಗೆ ಕೇಳಿದರು, ತಪ್ಪಾಗ್ಲಿಕ್ಕಿಲ್ವಾ ಮಗಾ ಎಂದು. ಇದ್ದದ್ದು ಇದ್ದ ಹಾಗೆ ಹೇಳಬೇಕೆಂದು ಅವರೇ ಮೊದಲು ಹೇಳಿದ್ದರು. ಇಲ್ಲ ಎಂದೆ.

ಅವರು ತಲೆಯಾಡಿಸಿದರು.

"ಹಂಗಾದ್ರೆ ಅಪ್ಪ ಅವತ್ತು ಸುಮ್ನೆ ಹಸ್ಕೊಂಡು ಹೋದ್ರು" ಎಂದರು.